ದಲಾಲನ ಕಾಗದ ಎಲ್ಲಿ ಸ್ವಾಮೀ?

“ಈ ಲಾರಿ ಮಂದಿ ಯಾಕ್ರೀ ಇಷ್ಟು ಸಲೀಸಾಗಿ ಟೋಪಿ ಹಾಕಿಸ್ಕೋತಾರೆ? ಫೋನಲ್ಲಿ ಯಾರೋ ಲೋಡ್ ಇದೆ ಅಂದ, ಇವರು ದುಡ್ಡು ಹಾಕಿದ್ರು. ಒಂಚೂರು ಓದ್ಕೊಂಡಿದ್ರೆ ಹೀಗಾಗ್ತಿತ್ತಾ?”

ಬೆಂಗಳೂರಿನ ಬ್ಲಾಗ್ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಇದು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ಗೊತ್ತು. ಆದ್ರೂ ಚುರ್ ಅಂತು. ಎರಡು ಸಾಲು ಉತ್ತರ ಬರೆದು ಸುಮ್ಮನಾಗೋಣ ಅಂದುಕೊಂಡೆ, ಮನಸ್ಸು ಕೇಳಲಿಲ್ಲ. ಅದಕ್ಕೇ ಈ ಉದ್ದನೆ ಪೋಸ್ಟು. ಒಂದು ಕಪ್ ಚಹಾ ಇಟ್ಕೊಂಡು ಕೂತ್ಕೊಳ್ಳಿ :-)

ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ಲಾರಿಯವನಿಗೆ ಬುದ್ಧಿ ಕಡಿಮೆ ಇಲ್ಲ. ಈ ಧಂಧೆಯಲ್ಲಿ ಅವನ ಕಾಗದ ಎಲ್ಲಾ ದಲಾಲನ ಕೈಯಲ್ಲಿರುತ್ತೆ, ದಲಾಲನ ಕಾಗದ ಒಂದೂ ಅವನ ಕೈಯಲ್ಲಿರಲ್ಲ. ಮೋಸದ ಬೇರು ಇಲ್ಲಿದೆ. ಇದನ್ನ ಬಿಟ್ಟು ಉಳಿದ ಉಪದೇಶ ಎಲ್ಲಾ ಮೇಲಿನ ಎಲೆಗೆ ನೀರು ಹಾಕಿದ ಹಾಗೆ.

ನಾನು ಬೈಲಹೊಂಗಲದಲ್ಲಿ ಝೆರಾಕ್ಸು, ಇ-ವೇ ಬಿಲ್ಲು, ಜಿಎಸ್‌ಟಿ ರಿಟರ್ನು ಅಂತ ಒಂದು ಪುಟ್ಟ ಅಂಗಡಿ ಇಟ್ಟವನು. ಲಾರಿ ಮಾಲಕರು, ಡ್ರೈವರುಗಳು ದಿನಾ ಬರ್ತಾರೆ. ಆರ್‌ಸಿ, ಇನ್ಶೂರೆನ್ಸು, ಪರ್ಮಿಟ್ಟು, ಪಾಸಿಂಗು, ಡ್ರೈವರ್ ಲೈಸೆನ್ಸು, ಪ್ಯಾನ್ ಕಾರ್ಡು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು... ಎಲ್ಲಾ ಸ್ಕ್ಯಾನ್ ಮಾಡಿಸಿ ಅಲ್ಲೇ ನಿಂತು ಯಾವುದೋ ನಂಬರಿಗೆ ವಾಟ್ಸಾಪ್ ಮಾಡ್ತಾರೆ. “ಯಾರಿಗೆ ಕಳಸಾಕತ್ತೀರಿ ಕಾಕಾ?” ಅಂತ ಕೇಳಿದ್ರೆ, “ಬ್ರೋಕರ್‌ಗೆ ತಮ್ಮಾ, ಲೋಡ್ ಐತಿ ಅಂದಾನ.” “ಅವನ ಹೆಸರು?” ಫೋನ್ ನೋಡ್ಕೋತಾರೆ. ಅದರಲ್ಲಿ ‘ಲೋಡ್ ನಾಮಕ್ಕಲ್’ ಅಂತ ಸೇವ್ ಆಗಿರುತ್ತೆ. ಅದೇ ಅವನ ಹೆಸರು, ಅದೇ ಅವನ ಊರು, ಅದೇ ಅವನ ಗೋತ್ರ!

ನಮ್ಮ ಕಡೆ ಗೊತ್ತಿಲ್ಲದವರಿಗೆ ಒಂದು ಮಾತು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು — ನಾಲ್ಕೂ ಊರಿಗೆ ಇವತ್ತಿಗೂ ರೈಲಿಲ್ಲ. ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ಮಾರ್ಗ ಮಂಜೂರಾಗಿದೆ, ರೈಲು ಓಡಿಲ್ಲ. ಲೋಕಾಪುರ–ರಾಮದುರ್ಗ–ಸವದತ್ತಿ–ಧಾರವಾಡ ಮಾರ್ಗ ಅಂತೂ ಮನವಿ ಪತ್ರದಲ್ಲೇ ಓಡ್ತಾ ಇದೆ. ಹತ್ತಿ ಬೇಲು, ಗೋವಿನಜೋಳ, ಕಡಲಿ, ಉಳ್ಳಾಗಡ್ಡಿ, ಸಕ್ಕರೆ ಏನೇ ಇರಲಿ, ಲಾರಿ ಏರಲೇಬೇಕು. ಕಿತ್ತೂರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ (ಮೊದಲು ನಂಬರ್ 4, ಈಗ 48). ನಮ್ಮ ಗಾಡಿಗಳೆಲ್ಲಾ ಅಲ್ಲಿಗೆ ಹೋಗಿ ಸೇರಿದ ಮೇಲೆ ತಮಿಳುನಾಡೋ ಗುಜರಾತೋ. ಹೋಗುವಾಗ ಲೋಡು ಊರಿನ ಪರಿಚಯದ ಮೇಲೆ ಸಿಗುತ್ತೆ. ಬರುವಾಗ? ರಿಟರ್ನ್ ಲೋಡಿಗೆ ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ದಲಾಲ. ಖಾಲಿ ಬಂದ್ರೆ ಡೀಸೆಲ್ಲು, ಟೋಲು ಕೈಯಿಂದ. ತಿಂಗಳ ಕಂತು ಕಾಯೋದಿಲ್ಲ. ಆಸೆಗಿಂತ ಈ ಅವಸರದಿಂದ ಮೋಸ ಹೋಗುವವರೇ ಜಾಸ್ತಿ. ಓದಿಕೊಂಡವರೂ ಇದೇ ಅವಸರದಲ್ಲಿದ್ದರೆ ಇದನ್ನೇ ಮಾಡ್ತಿದ್ರು.

ಮೋಸ ಹೇಗೆ ನಡೆಯುತ್ತೆ ನೋಡಿ. ನನ್ನ ಅಂಗಡಿಯ ಬಾಕಿನ ಮೇಲೆ ಕೂತು ಹೇಳಿಕೊಂಡವರ ಮಾತು ಸೇರಿಸಿದ್ರೆ ಮುಖ್ಯವಾಗಿ ಮೂರು ಥರ.

ಒಂದನೇದು ಸಣ್ಣದು. ಇಲ್ಲದ ಲೋಡು ಇದೆ ಅಂತ ಹೇಳೋದು. “ಗೇಟ್ ಪಾಸ್ ಮಾಡಸ್ಬೇಕು, ಕಮಿಷನ್ ಮೊದಲ ಹಾಕ್ರಿ, ಇಲ್ಲಾಂದ್ರ ಬ್ಯಾರೆ ಗಾಡಿಗೆ ಕೊಡ್ತೀನಿ.” ಎರಡು ಮೂರು ಸಾವಿರ ಹೋಗುತ್ತೆ, ಫೋನ್ ಸ್ವಿಚ್ ಆಫ್. ಕೆಲವರು ಮಿಲಿಟರಿ ಸಾಮಾನು ಅಂತ ಹೇಳಿ, ಯೂನಿಫಾರ್ಮ್ ಹಾಕಿದ ಫೋಟೋ ಇರೋ ಗುರುತಿನ ಚೀಟಿ ಕಳಿಸ್ತಾರೆ. ಬಾಡಿಗೆ ಕೊಡ್ತೀವಿ ಅಂತ ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಿಸ್ತಾರೆ. ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ, ಪಿನ್ ಬೇಕಾಗೋದು ದುಡ್ಡು ಕೊಡೋಕೆ. ಇಷ್ಟು ಗೊತ್ತಿದ್ರೆ ಅರ್ಧ ಮಂದಿ ಉಳಿತಾರೆ.

ಎರಡನೇದು ದೊಡ್ಡದು. ದಲಾಲನ ಹಿಂದೆ ದಲಾಲ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಜಿನ್ನಿಂಗ್ ಫ್ಯಾಕ್ಟರಿಯಿಂದ 100 ಬೇಲ್ ಹತ್ತಿ ಹೋಗ್ಬೇಕು. ಬೇಲಿಗೆ 170 ಕಿಲೋ, ಒಟ್ಟು 17 ಟನ್. ಫ್ಯಾಕ್ಟರಿಯವರು ಮೊದಲನೇ ದಲಾಲನಿಗೆ 62,000 ಬಾಡಿಗೆ ಒಪ್ಕೋತಾರೆ. ಅವನು ಎರಡನೆಯವನಿಗೆ 58,000ಕ್ಕೆ, ಅವನು ಮೂರನೆಯವನಿಗೆ 55,000ಕ್ಕೆ. ಲಾರಿಯವನಿಗೆ ಬರೋದು 52,000. ಕಮಿಷನ್ ತಿನ್ನಲಿ, ಬೇಡ ಅನ್ನಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಲಾರಿಯವನಿಗೆ ಗೊತ್ತಿರೋದು ಮೂರನೆಯವನ ಫೋನ್ ನಂಬರು ಮಾತ್ರ. ಒಂದಿಷ್ಟು ಮುಂಗಡ ಬಂತು, ಬಾಕಿ ಸಹಿ-ಸಿಕ್ಕಾ ಬಿದ್ದ ಬಿಲ್ಟಿ ತಲುಪಿದ ಮೇಲೆ. ಬಿಲ್ಟಿ ತಲುಪುತ್ತೆ, ಮೂರನೆಯವನು ಮಾಯ. ಎರಡನೆಯವನನ್ನ ಹುಡುಕಿದ್ರೆ “ನಾ ಕೊಟ್ಟೀನ್ರೀ ಅವಂಗ.” ಮೊದಲನೆಯವನು “ನೀವು ಯಾರಂತನ ನಂಗ ಗೊತ್ತಿಲ್ಲ.” ಫ್ಯಾಕ್ಟರಿಯವರು “ನಮ್ಮ ಲೆಕ್ಕ ಚುಕ್ತಾ.” ಎಲ್ಲರೂ ಕೊಟ್ಟಿದ್ದಾರೆ, ಬಂದಿಲ್ಲದ್ದು ಇವನಿಗೆ ಒಬ್ಬನಿಗೇ! ಸಿಟ್ಟಿಗೆ ಮುಂದಿನ ಲೋಡ್ ಹಿಡಿದಿಟ್ಟರೆ ಮಾಲು ನುಂಗಿದ ಅಂತ ದೂರು ಇವನ ಮೇಲೇ ಬೀಳಬಹುದು.

ಮೂರನೇದು ಭಯಂಕರದ್ದು. ನಿಮ್ಮ ಆರ್‌ಸಿ ಕಾಪಿ, ಗಾಡಿ ಫೋಟೋ ಇಟ್ಕೊಂಡು ಅದೇ ನಂಬರಿನ ಪ್ಲೇಟು ಇನ್ನೊಂದು ಲಾರಿಗೆ ಹಾಕೋದು. ನಿಮ್ಮ ಹೆಸರಿನ ಕಾಗದ ತೋರಿಸಿ ಬೆಲೆಬಾಳೋ ಮಾಲು ತುಂಬ್ಕೊಂಡು ಹೋಗಿ, ದಾರಿಯಲ್ಲೇ ಮಾರ್ಕೊಳ್ಳೋದು. ಪೊಲೀಸರು ಬರೋದು ನಿಮ್ಮ ಮನೆಗೆ. ರಾಮದುರ್ಗದ ಕಡೆಯ ಒಬ್ಬ ಮಾಲಕರಿಗೆ ಹೀಗಾಯ್ತು, ಹೆಸರು ಬೇಡ. ಅವರ ಗಾಡಿ ಆಗ ಪಾಸಿಂಗಿಗೆ ಅಂತ ಗ್ಯಾರೇಜಿನಲ್ಲಿ ಜಾಕ್ ಮೇಲೆ ನಿಂತಿತ್ತು. ಗ್ಯಾರೇಜಿನ ಬಿಲ್ಲು, ಆ ವಾರ ಒಂದೂ ಟೋಲ್ ಕಟ್ ಆಗಿಲ್ಲ ಅನ್ನೋ ಫಾಸ್ಟ್ಯಾಗ್ ಸ್ಟೇಟ್‌ಮೆಂಟು, ಎರಡನ್ನೂ ನಾನೇ ಪ್ರಿಂಟ್ ಹಾಕಿ ಕೊಟ್ಟೆ. ಅವರು ಪಾರಾದ್ರು. ಆದ್ರೆ ಮೂರು ವಾರ ಠಾಣೆಗೆ ಅಲೆದ ದುಡಿಮೆ? ಮನೆ ಮುಂದೆ ಜೀಪ್ ನಿಂತಾಗ ಓಣಿ ಮಂದಿ ಇಣುಕಿದ ಮರ್ಯಾದೆ? ಅದನ್ನ ಯಾವ ಪ್ರಿಂಟರು ವಾಪಸ್ ಕೊಡುತ್ತೆ?

ಇನ್ನು “ಮೊದಲಿನಿಂದಲೂ ದಲಾಲರಿದ್ದಾರೆ, ನಂಬಿಕೆ ಮೇಲೇ ನಡೆಯೋ ಧಂಧೆ ಇದು” ಅನ್ನೋ ಹಿರಿಯರಿಗೆ ನನ್ನ ಉತ್ತರ.

ಹುಂಡೇಕಾರ ಅನ್ನೋ ಅಡ್ಡಹೆಸರು ನಮ್ಮ ಬೆಳಗಾವಿ ಕಡೆ ಕೇಳಿರ್ತೀರಿ. ಮರಾಠಿಯಲ್ಲಿ ಹುಂಡೇಕರಿ ಅಂದ್ರೆ ಒಂದು ಗುತ್ತಾ ರೊಕ್ಕಕ್ಕೆ ಒಪ್ಪಿ, ದಾರಿಯ ಸುಂಕ ಗಿಂಕ ಎಲ್ಲಾ ತಾನೇ ಕಟ್ಟಿ, ಮಾಲು ಮುಟ್ಟಿಸೋ ಹೊಣೆ ಹೊತ್ತವನು. ಗಮನಿಸಿ, ಹೊಣೆ ಹೊತ್ತವನು. ರೈಲು ಬರೋ ಮೊದಲು ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂಡಿಯಲ್ಲೇ ಹೋಗ್ತಿತ್ತು. ಆ ಹತ್ತಿಗೆ ‘ಕುಮಟಾ’ ಅನ್ನೋ ಹೆಸರೇ ಅಂಟಿಕೊಂಡಿತು. ಹುಂಡೇಕರಿ ಅನ್ನೋನು ಪೇಟೆಯಲ್ಲಿ ಮನೆ ಇದ್ದವನು, ಕುಲ ಗೊತ್ತಿದ್ದವನು, ತಪ್ಪಿದ್ರೆ ನಾಲ್ಕು ಮಂದಿ ಹೋಗಿ ಬಾಗಿಲು ಬಡಿಯಬಹುದಾದವನು. ಹಿರಿಯರು ಹೇಳೋ ನಂಬಿಕೆ ಆ ಬಾಗಿಲಿನ ಮೇಲೆ ನಿಂತಿತ್ತು ಸ್ವಾಮೀ! ಈಗ ಬಾಗಿಲಿಲ್ಲ, ಬರೀ ಸಿಮ್ ಕಾರ್ಡು. ಬಾಗಿಲು ಹೋದ ಮೇಲೆ ಅದರ ಜಾಗಕ್ಕೆ ಕಾಗದ ಬರಬೇಕಿತ್ತು. ಕಾಗದ ಬಂತು, ಒಂದೇ ಕಡೆಯಿಂದ ಬಂತು.

ಕಾನೂನೂ ಹಾಗೇ ನಡೆದಿದೆ. ಮುಂಬಯಿ ಪ್ರಾಂತದ ಹತ್ತಿಯಲ್ಲಿ ಕಲಬೆರಕೆ ಜಾಸ್ತಿ ಆದಾಗ 1863ರಲ್ಲೇ ಹತ್ತಿ ಮೋಸ ತಡೆಯೋಕೆ ಅಂತ ಪ್ರತ್ಯೇಕ ಕಾಯ್ದೆ ಬಂತು. ಹತ್ತಿ ಕೊಳ್ಳೋ ಗಿರಣಿಗಳ ದನಿ ಅಷ್ಟು ದೊಡ್ಡದಿತ್ತು. 1865ರಲ್ಲಿ ಸಾಗಣೆದಾರರ ಕಾಯ್ದೆ ಬಂತು, ಮಾಲು ಹಾಳಾದ್ರೆ ಸಾಗಿಸಿದವನ ಹೊಣೆ ಎಷ್ಟು ಅಂತ ಹೇಳೋಕೆ. ಬಂಡಿಯವನ ಬಾಡಿಗೆ ಮುಳುಗಿದ್ರೆ ಯಾರ ಹೊಣೆ? ಆ ಪ್ರಶ್ನೆ ಕೇಳೋ ದನಿ ಯಾರಿಗೂ ಇರಲಿಲ್ಲ.

ಆ 1865ರ ಕಾಯ್ದೆ ಹೋಗಿ 2007ರ ರಸ್ತೆ ಸಾಗಣೆ ಕಾಯ್ದೆ ಬಂತು, 2011ರಲ್ಲಿ ಜಾರಿಯಾಯ್ತು. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಅಂದ್ರೆ, ಅದರಲ್ಲಿ ‘ಸಾಮಾನ್ಯ ಸಾಗಣೆದಾರ’ ಅನ್ನೋ ವ್ಯಾಖ್ಯೆಯೊಳಗೆ ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ದಲಾಲ ಎಲ್ಲರೂ ಬರ್ತಾರೆ. ನೋಂದಣಿ ಇಲ್ಲದೆ ಈ ಧಂಧೆ ಮಾಡೋ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 93ನೇ ಕಲಮಿನಲ್ಲೂ ಸರಕು ಏಜೆಂಟನಿಗೆ ಲೈಸೆನ್ಸ್ ಬೇಕು ಅಂತಿದೆ. ಖುಷಿ ಆಯ್ತಾ? ತಡೀರಿ. ನೋಂದಣಿ ಇಲ್ಲದೆ ಸಿಕ್ಕಿಬಿದ್ರೆ 2007ರ ಕಾಯ್ದೆ ಬರೆದಾಗ ಇಟ್ಟ ದಂಡ ಎಷ್ಟು ಗೊತ್ತಾ? ಮೊದಲ ಸಲ ಹೆಚ್ಚೆಂದರೆ 5,000, ಮತ್ತೆ ಸಿಕ್ಕಿಬಿದ್ರೆ 10,000 ರೂಪಾಯಿ. ಒಂದು ಲೋಡಿನ ಬಾಕಿ ನುಂಗಿದ್ರೆ ದಂಡ ಕಟ್ಟಿ ಇನ್ನೂ ಉಳಿಯುತ್ತೆ!

ಈಗ ಇನ್ನೊಂದು ಪುಸ್ತಕ ತೆಗೀರಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆ. 316ನೇ ಕಲಮು, ನಂಬಿಕೆ ದ್ರೋಹ. ಸಾಗಣೆದಾರ ತನಗೆ ಒಪ್ಪಿಸಿದ ಮಾಲು ನುಂಗಿದ್ರೆ 7 ವರ್ಷದವರೆಗೆ ಜೈಲು. ಅದೇ ಕಲಮಿನ 5ನೇ ಉಪಕಲಮಿನಲ್ಲಿ ಬ್ಯಾಂಕಿನವನು, ವ್ಯಾಪಾರಿ, ಏಜೆಂಟ್ ಜೊತೆಗೆ ‘ದಲಾಲ’ ಅಂತಲೂ ಇದೆ. ಅವನಿಗೆ 10 ವರ್ಷ, ಇಲ್ಲವೇ ಜೀವಾವಧಿವರೆಗೂ ಹೋಗಬಹುದು. ಪುಸ್ತಕದಲ್ಲಿ ದಲಾಲನ ಮೇಲೇ ಕಾನೂನು ಬಿಗಿ! ಆದರೆ ಊರಲ್ಲಿ? ಡ್ರೈವರು ಕಣ್ಣಿಗೆ ಕಾಣ್ತಾನೆ, ಗಾಡಿಗೆ ನಂಬರಿದೆ, ಅದಕ್ಕೇ ಅವನು ಸಿಗ್ತಾನೆ. ದಲಾಲನ ಬಗ್ಗೆ ದೂರು ಕೊಡೋಕೆ ಹೋದ್ರೆ “ಹೆಸರೇನು? ವಿಳಾಸ ಏನು? ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗ್ರಿ.” ಯಾಕೆ? ಯಾಕಂದ್ರೆ ಕಾಗದ ಇಲ್ಲ. ತಿರುಗಿ ತಿರುಗಿ ಅಲ್ಲಿಗೇ ಬಂದ್ವಿ ನೋಡಿ.

ಅಮೆರಿಕದಲ್ಲೂ ದಲಾಲರ ಮೇಲೆ ದಲಾಲರು ಇದ್ದಾರೆ, ಅಲ್ಲೂ ಮೋಸ ಧಾರಾಳವಾಗಿದೆ. ಆದರೆ ಅಲ್ಲಿ ಸರಕು ದಲಾಲ ಲೈಸೆನ್ಸ್ ತಗೊಳ್ಳುವಾಗ 75,000 ಡಾಲರಿನ ಬಾಂಡ್ ತೋರಿಸ್ಬೇಕು. ಮೊದಲು 10,000 ಇತ್ತು, 2013ರಲ್ಲಿ ಏರಿಸಿದ್ರು. ಬಾಡಿಗೆ ಮುಳುಗಿಸಿದ್ರೆ ಲಾರಿಯವನು ಆ ಬಾಂಡಿನ ಮೇಲೆ ಹಕ್ಕು ಕೇಳಬಹುದು. ಎಲ್ಲಾ ದುಡ್ಡು ಬರುತ್ತೆ ಅಂತಲ್ಲ, ಆದರೆ ಬಡಿಯೋಕೆ ಒಂದು ಬಾಗಿಲಾದ್ರೂ ಇದೆ. ನಮ್ಮಲ್ಲಿ ಅಂಥ ಬಾಂಡ್ ಕೇಳಿದ್ರೆ ಆಕಾಶ ಕಳಚಿ ಬೀಳುತ್ತಾ? ಎಪಿಎಂಸಿಯಲ್ಲಿ ಕಾಳು ಕೊಳ್ಳೋ ವ್ಯಾಪಾರಿಗೆ ಲೈಸೆನ್ಸ್ ಇದೆ. ಅದೇ ಕಾಳನ್ನ ಲಾರಿಗೆ ಹೊಂದಿಸಿ ಕೊಡೋನಿಗೆ ಕೇಳೋರು ಯಾರೂ ಇಲ್ಲ.

ಸರಿ, ಕಾನೂನು ಬಿಗಿಯಾಗೋವರೆಗೆ ಲಾರಿಯವರು ಏನು ಮಾಡ್ಬೇಕು? ಬೈಯೋದು ಸುಲಭ, ದಾರಿ ಹೇಳು ಅಂತೀರಿ. ನಾನು ಅಂಗಡಿಗೆ ಬಂದವರಿಗೆ ಹೇಳೋದು ಇಷ್ಟು:

1. ಕಾಗದಕ್ಕೆ ಕಾಗದ. “ನಿಮ್ಮ ಜಿಎಸ್‌ಟಿ ನಂಬರ್, ನೋಂದಣಿ ಸರ್ಟಿಫಿಕೇಟ್, ಆಫೀಸ್ ವಿಳಾಸ ಕಳಸ್ರಿ, ಆಮ್ಯಾಲೆ ನನ್ನ ಆರ್‌ಸಿ ಕಳಸ್ತೀನಿ” ಅನ್ನಿ. ನಿಜವಾದ ಟ್ರಾನ್ಸ್‌ಪೋರ್ಟಿನವನು ಎರಡು ನಿಮಿಷದಲ್ಲಿ ಕಳಿಸ್ತಾನೆ. ಕಳ್ಳ ಸಿಟ್ಟಾಗ್ತಾನೆ. ಆ ಸಿಟ್ಟೇ ನಿಮಗೆ ಉತ್ತರ.

2. ಜಿಎಸ್‌ಟಿ ನಂಬರ್ ಬಂದ ಕೂಡಲೇ ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಪುಕ್ಕಟೆ, ಲಾಗಿನ್ ಬೇಡ. ಹೆಸರು, ಊರು, ನೋಂದಣಿ ತಾರೀಖು, ಚಾಲ್ತಿ ಇದೆಯೋ ರದ್ದಾಗಿದೆಯೋ ಎಲ್ಲಾ ಬರುತ್ತೆ. 15 ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27. ಮುಂದಿನ ಹತ್ತು ಅವನ ಪ್ಯಾನ್. “ಹುಬ್ಬಳ್ಯಾಗ ಆಫೀಸ್ ಐತ್ರಿ” ಅಂದವನ ನಂಬರು 29ರಿಂದ ಶುರುವಾಗದಿದ್ರೆ ಯಾಕೆ ಅಂತ ಕೇಳಿ. ನೋಂದಣಿ ಆಗಿ ಇನ್ನೂ ಹದಿನೈದು ದಿನ ಆಗಿದ್ರೆ ಇನ್ನೂ ಜೋರಾಗಿ ಕೇಳಿ.

3. ನಂಬರು ನಿಜ ಇದ್ದ ಮಾತ್ರಕ್ಕೆ ಮಾತಾಡ್ತಿರೋನು ನಿಜ ಅಂತ ಅಲ್ಲ. ದೊಡ್ಡ ಟ್ರಾನ್ಸ್‌ಪೋರ್ಟಿನ ಹೆಸರು ಕದ್ದು ಮಾತಾಡೋರೇ ಜಾಸ್ತಿ. ಅವನು ಕೊಟ್ಟ ಫೋನ್ ನಂಬರಿಗೆ ಮಾಡದೆ ಬೇರೆ ಕಡೆ ಆ ಆಫೀಸಿನ ನಂಬರು ಹುಡುಕಿ ಫೋನ್ ಹಚ್ಚಿ. ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ ನೋಡಿ. ಟ್ರಾನ್ಸ್‌ಪೋರ್ಟ್ ಹೆಸರು ಒಂದು, ದುಡ್ಡು ಹೋಗೋ ಖಾತೆ ಇನ್ನೊಬ್ಬರದ್ದು ಅಂದ್ರೆ ಅಲ್ಲಿಗೇ ನಮಸ್ಕಾರ.

4. ಲೋಡಿಗೆ ಮೊದಲು ಒಂದು ಪೈಸೆನೂ ಹಾಕಬೇಡಿ. ಕಮಿಷನ್ ಬಾಡಿಗೆಯಲ್ಲಿ ಮುರಕೊಳ್ಳಲಿ.

5. ಮಾಲು ತುಂಬುವಾಗ ಮಾಲಿನ ಧಣಿ ಜೊತೆ ಡ್ರೈವರೇ ಮಾತಾಡಲಿ. “ಬಾಡಿಗಿ ಎಷ್ಟ ಮಾತಾಗೇತಿ, ಯಾರ ಕೂಡ?” ಎರಡೇ ಪ್ರಶ್ನೆ. ಇ-ವೇ ಬಿಲ್ಲಿದ್ರೆ ಅದರಲ್ಲಿ ಕಳಿಸುವವರು, ಪಡೆಯುವವರು, ಟ್ರಾನ್ಸ್‌ಪೋರ್ಟರ್, ಗಾಡಿ ನಂಬರು ಎಲ್ಲಾ ಇರುತ್ತೆ, ಒಂದು ಫೋಟೋ ತೆಗೆದು ಮನೆಗೆ ಕಳಿಸಿ. ಕಾಟಾ ಚೀಟಿದೂ ಫೋಟೋ ಇರಲಿ.

6. ಹೊಸ ದಲಾಲ ಅಂದ್ರೆ ‘ಟು ಪೇ’ ಬಿಲ್ಟಿ ಕೇಳಿ. ಬಾಕಿ ಬಾಡಿಗೆ ಮಾಲು ಇಳಿಸಿಕೊಂಡವರೇ ಅಲ್ಲೇ ಕೊಡ್ಬೇಕು. ದಲಾಲನ ಕೈಗೆ ಬಾಕಿ ಹೋಗೋದೇ ಇಲ್ಲ, ಓಡೋಕೆ ಕಾರಣವೂ ಇಲ್ಲ. ಅದು ಆಗಲ್ಲ ಅಂದ್ರೆ ಬಾಡಿಗೆ, ಮುಂಗಡ, ಬಾಕಿ, ಬಾಕಿ ಕೊಡೋ ದಿನ ನಾಲ್ಕೂ ಬರೆದ ಮೆಸೇಜಿಗೆ ಅವನಿಂದ ‘ಒಪ್ಪಿದೆ’ ಅಂತ ಬರೆಸಿಕೊಳ್ಳಿ. ಫೋನಿನ ಬಾಯಿಮಾತು ಗಾಳಿಗೆ ಹೋಗುತ್ತೆ.

7. ಆರ್‌ಸಿ, ಪ್ಯಾನ್ ಕಳಿಸುವಾಗ ಅದರ ಮೇಲೆ ಅಡ್ಡಡ್ಡ ಬರೀರಿ: ‘ಇಂಥಾ ತಾರೀಖಿನ ಇಂಥಾ ಲೋಡಿಗೆ ಮಾತ್ರ’. ಆಧಾರ್ ಕೊಡಲೇಬೇಕಾದ್ರೆ ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಕಾಪಿ ಕೊಡಿ. ಫಾಸ್ಟ್ಯಾಗ್ ಸ್ಟೇಟ್‌ಮೆಂಟು, ಗ್ಯಾರೇಜಿನ ಬಿಲ್ಲು ಎಸೀಬೇಡಿ. ಯಾವತ್ತು ನಿಮ್ಮ ಗಾಡಿ ಎಲ್ಲಿತ್ತು ಅಂತ ಸಾಕ್ಷಿ ಹೇಳೋದು ಅವೇ.

8. ಮೋಸ ಆಯ್ತಾ? ನಾಚಿಕೆ ಬಿಟ್ಟು ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತೆ. ಬಾಡಿಗೆ ಬಾಕಿ ವಿಷಯಕ್ಕೆ ಉದ್ಯಮ್ ನೋಂದಣಿ (ಪುಕ್ಕಟೆ) ಮಾಡಿಸಿಟ್ಕೊಂಡಿರಿ. 2006ರ ಸಣ್ಣ ಉದ್ದಿಮೆ ಕಾಯ್ದೆ ಪ್ರಕಾರ ಸಣ್ಣವರ ಬಾಕಿ ಹೆಚ್ಚೆಂದರೆ 45 ದಿನದೊಳಗೆ ಕೊಡ್ಬೇಕು, ತಪ್ಪಿದ್ರೆ ಬಡ್ಡಿ ಸಮೇತ. ಇದಕ್ಕೂ ಎದುರಿನವನ ಹೆಸರು ವಿಳಾಸ ಬೇಕು. ಮತ್ತೆ ಒಂದನೇ ನಂಬರಿಗೆ ಹೋಗಿ :-)

ಇಷ್ಟು ಹೇಳಿದಾಗ ಅಂಗಡಿಯಲ್ಲಿ ಒಬ್ಬ ಹಿರಿಯರು ನಕ್ಕು ಕೇಳಿದ್ರು. “ತಮ್ಮಾ, ನೀ ಹೇಳೂದು ಖರೆ. ಆದ್ರ ನಾ ಇಷ್ಟ ಕೇಳೂದ್ರಾಗ ಲೋಡ್ ಹಿಂದಿನ ಗಾಡಿಗೆ ಹೋಗಿರ್ತೈತಿ.”

ನಿಜ. ಇದಕ್ಕೆ ಒಬ್ಬೊಬ್ಬರೇ ಹುಷಾರಾಗೋದರಲ್ಲಿ ಉತ್ತರ ಇಲ್ಲ. ಒಬ್ಬ ಕೇಳಿದ್ರೆ ಕಿರಿಕ್ ಗಿರಾಕಿ, ಹಿಂದಿನ ಗಾಡಿಯವನೂ ಅದನ್ನೇ ಕೇಳಿದ್ರೆ ಅದು ರಿವಾಜು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರಿನ ಲಾರಿ ಮಾಲಕರು ಕೂತು ಒಂದು ತೀರ್ಮಾನ ಮಾಡ್ಲಿ: ದಲಾಲನ ನೋಂದಣಿ ನಂಬರ್ ಇಲ್ಲದ ಬಿಲ್ಟಿಗೆ ಗಾಡಿ ಹಚ್ಚೋದಿಲ್ಲ. ಬಾಕಿ ಮುಳುಗಿಸಿದವರ ಬಗ್ಗೆ ಒಂದು ವಹಿ ಇಡ್ಲಿ. ಗಾಳಿಸುದ್ದಿ ಬರೆಯೋ ವಹಿ ಬೇಡ, ಬಿಲ್ಟಿ, ಮೆಸೇಜು, ದೂರಿನ ಪ್ರತಿ ಅಂಟಿಸಿದ ವಹಿ. ಜಿನ್ನಿಂಗಿನವರು, ಎಪಿಎಂಸಿ ವ್ಯಾಪಾರಿಗಳೂ ಇದಕ್ಕೆ ಸೇರಬೇಕು. ಮಾಲು ಮಾಯ ಆದ್ರೆ ಅವರದ್ದೂ ತಾನೇ? ದಲಾಲರಲ್ಲೂ ನೆಟ್ಟಗೆ ನಡೆಯೋರು ಬೇಕಾದಷ್ಟಿದ್ದಾರೆ, ಹೆಸರು ಕೆಡೋದು ಅವರದ್ದೇ. ಅವರೇ ಮುಂದೆ ಬಂದು ನೋಂದಣಿ ತೋರಿಸಿದ್ರೆ ಲೋಡು ತಾನಾಗಿ ಅವರ ಕಡೆ ತಿರುಗುತ್ತೆ.

ಕೊನೆಗೆ ನಿಮಗೆ, ಬ್ಲಾಗ್ ಮಿತ್ರರೇ. ನಮ್ಮ ಕಡೆಯಿಂದ ಹೋಗಿ ಬೆಂಗಳೂರು, ಪುಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿರೋರು ಬಹಳ ಜನ ಇದ್ದೀರಿ. ನಿಮ್ಮ ಮಾವನೋ ಕಾಕಾನೋ ಓಣಿಯ ಗೆಳೆಯನೋ ಲಾರಿ ಇಟ್ಟಿರ್ತಾನೆ. ‘ಅವರಿಗೆ ತಿಳುವಳಿಕೆ ಇಲ್ಲ’ ಅಂತ ಬರೆಯೋ ಬದಲು ಒಂದು ಫೋನ್ ಮಾಡಿ ಹೇಳಿ: “ಕಾಕಾ, ಹೊಸಾ ಬ್ರೋಕರ್ ಬಂದ್ರ ಅವನ ಜಿಎಸ್‌ಟಿ ನಂಬರ್ ನನಗ ಕಳಸ್ರಿ, ನಾ ನೋಡಿ ಹೇಳ್ತೀನಿ.” ನಿಮಗೆ ಎರಡು ನಿಮಿಷದ ಕೆಲಸ, ಅವರಿಗೆ ಒಂದು ತಿಂಗಳ ಕಂತು.

ಈ ಪೋಸ್ಟ್ ಯಾರು ಬೇಕಾದ್ರೂ ನಕಲು ಹೊಡ್ಕೊಳ್ಳಿ, ವಾಟ್ಸಾಪಿಗೆ ಹಾಕಿ, ಪ್ರಿಂಟ್ ತೆಗೆದು ಢಾಬಾದ ಗೋಡೆಗೆ ಅಂಟಿಸಿ. ನನ್ನ ಹೆಸರು ಬೇಡ. ದಲಾಲನ ಹೆಸರು ಮಾತ್ರ ಕೇಳೋದು ಮರೀಬೇಡಿ.